ತೋಟದ ಮನೆಗೆ ಯಾವ ಕೋವಿ ತಗೊಳ್ಳೋದು ಸಾರ್?

ಹೋದ ಸಲ ಇದೇ ಅಂಕಣದಲ್ಲಿ ಊರಾಚೆ ಒಂಟಿ ಮನೆ ಕಟ್ಟಿಕೊಳ್ಳೋರಿಗೆ ಸೋಲಾರ್, ನೀರಿನ ಟ್ಯಾಂಕ್, ಇನ್ವರ್ಟರ್ ಬಗ್ಗೆ ಬರೆದಿದ್ದೆ. ಕೊನೇಲಿ ಸುಮ್ನೆ ಒಂದು ಸಾಲು, "ಧೈರ್ಯಕ್ಕೆ ಕೆಲವರು ಕೋವಿನೂ ಇಟ್ಕೋತಾರೆ" ಅಂತ ಸೇರಿಸಿಬಿಟ್ಟೆ. ಅಷ್ಟೇ ನೋಡಿ, ಟ್ಯಾಂಕ್ ಬಗ್ಗೆ ಒಬ್ಬರೂ ಕೇಳಲಿಲ್ಲ, ಬಂದಿದ್ದೆಲ್ಲಾ ಕೋವಿ ಪ್ರಶ್ನೆಗಳೇ. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಬಸವನಗುಡೀಲಿ ಬಾಡಿಗೆ ಕಟ್ಟೋಕೆ ಶುರು ಮಾಡಿ ಮೂವತ್ತು ವರ್ಷ ಮೇಲಾಯ್ತು. ಮನೇಲಿ ಅಜ್ಜನ ಕಾಲದ ಜೋಡಿ ನಳಿಕೆ ಕೋವಿ ಇತ್ತು, ಹಾಗಾಗಿ ಅಲ್ಪಸ್ವಲ್ಪ ಗೊತ್ತು. ಕಾನೂನಿನ ಕಡೆ ಒಬ್ಬ ವಕೀಲ ಸ್ನೇಹಿತರ ಹತ್ರ ಕೂತು ಸರಿಮಾಡ್ಕೊಂಡಿದ್ದೀನಿ.

ಪ್ರಶ್ನೆ: ಸಾರ್, ಸಕಲೇಶಪುರದಿಂದ ಒಳಗೆ ನಾಲ್ಕು ಎಕರೆ ಕಾಫಿ ತೋಟ ತಗೊಂಡು ಚಿಕ್ಕ ಮನೆ ಕಟ್ಟಿಸಿದ್ದೀನಿ. ಪಕ್ಕದ ಮನೆ ಒಂದೂವರೆ ಕಿಲೋಮೀಟರ್ ದೂರ, ಮೊಬೈಲ್ ನೆಟ್‌ವರ್ಕ್ ಗುಡ್ಡ ಹತ್ತಿದ್ರೆ ಮಾತ್ರ. ಶುಕ್ರವಾರ ರಾತ್ರಿ ಹೋಗಿ ಭಾನುವಾರ ವಾಪಸ್ ಬರ್ತೀವಿ, ಜೊತೆಗೆ ಹೆಂಡತಿ, ಇಬ್ಬರು ಮಕ್ಕಳು. ಆಫೀಸ್ ಫ್ರೆಂಡ್ ಒಬ್ಬ ರೈಫಲ್ ತಗೋ ಅಂತಾನೆ, ಇನ್ನೊಬ್ಬ ರಿವಾಲ್ವರ್ ಸಾಕು ಅಂತಾನೆ. ಯಾವುದು ಪ್ರಾಕ್ಟಿಕಲ್?
— ಎಚ್‌ಎಸ್‌ಆರ್ ಲೇಔಟ್‌ನ ಓದುಗರು

ಉತ್ತರ: ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳೋದನ್ನ ತಡೀತಿದ್ದ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನ 2020ರಲ್ಲಿ ತೆಗೆದ ಮೇಲೆ ಊರಾಚೆ ಜಮೀನು ತಗೊಂಡ ಬೆಂಗಳೂರಿನವರು ಬೇಕಾದಷ್ಟು ಜನ, ನಿಮ್ಮ ಪ್ರಶ್ನೆನೂ ಅವರೆಲ್ಲರ ಪ್ರಶ್ನೆನೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ.

ಮೊದಲು ನಾನೇ ಒಂದು ಕೇಳ್ತೀನಿ. ಸೋಮವಾರದಿಂದ ಶುಕ್ರವಾರದವರೆಗೆ ಆ ಕೋವಿ ಎಲ್ಲಿರುತ್ತೆ? ತೋಟದ ಮನೇಲಿ ಬಿಟ್ಟು ಬರೋಕಾಗಲ್ಲ, ಬೀಗ ಹಾಕಿದ ಖಾಲಿ ಮನೇಲಿ ಕೋವಿ ಇದೆ ಅಂತ ಊರಿಗೆಲ್ಲಾ ಎರಡೇ ವಾರದಲ್ಲಿ ಗೊತ್ತಾಗುತ್ತೆ, ಕಳ್ಳನಿಗೆ ಕಾಳುಮೆಣಸಿನ ಮೂಟೆಗಿಂತ ಅದೇ ಇಷ್ಟ. ತೋಟದ ಲೆಕ್ಕ ನೋಡ್ಕೊಳ್ಳೋ ರೈಟರ್ ಕೈಗೆ ಕೊಟ್ಟು ಬರ್ತೀನಿ ಅಂದ್ರೆ ಅದೂ ಆಗಲ್ಲ, ಲೈಸೆನ್ಸ್ ನಿಮ್ಮ ಹೆಸರಲ್ಲಿದ್ರೆ ಕೋವಿ ನಿಮ್ಮ ಕೈಲೇ ಇರ್ಬೇಕು, ಬೇರೆಯವರು ಹಿಡೀಬೇಕು ಅಂದ್ರೆ ಅವರ ಹೆಸರನ್ನ ರಿಟೈನರ್ ಅಂತ ಲೈಸೆನ್ಸಲ್ಲೇ ಸೇರಿಸಿರ್ಬೇಕು, ಇಲ್ಲಾಂದ್ರೆ ಇಬ್ಬರ ಮೇಲೂ ಕೇಸು. ಪ್ರತಿ ವಾರ ಬೆಂಗಳೂರಿಂದ ಕಾರಲ್ಲಿ ಹಾಕ್ಕೊಂಡು 220 ಕಿಲೋಮೀಟರ್ ಹೋಗಿ ಬರೋದು ಅಂದ್ರೆ ಖಾಲಿ ಮಾಡಿ, ಚೀಲದೊಳಗೆ ಕಟ್ಟಿ, ತೋಟಾ (ಕಾರ್ಟ್ರಿಜ್) ಬೇರೆ ಇಟ್ಟು, ಲೈಸೆನ್ಸ್ ಜೊತೇಲಿಟ್ಕೊಂಡು, ಅದೂ ಆ ಲೈಸೆನ್ಸ್ ಎರಡೂ ಜಿಲ್ಲೆಗೆ ನಡೆಯುತ್ತೆ ಅಂತ ನೋಡ್ಕೊಂಡು ಹೋಗ್ಬೇಕು. ಹೈವೇಲಿ ಕಾಫಿ ಕುಡಿಯೋಕೆ ನಿಲ್ಸಿದ್ರೆ ಯಾರೋ ಒಬ್ಬರು ಕಾರಲ್ಲೇ ಕೂತಿರ್ಬೇಕು. ವಾರಾವಾರ ಈ ತಲೆನೋವು ಬೇಕಾ?

ಇನ್ನು ನಿಮಗೆ ಅಲ್ಲಿ ಭಯ ಇರೋದು ಯಾವುದರದ್ದು ನೋಡೋಣ. ಸಕಲೇಶಪುರ, ಆಲೂರು ಕಡೆ ಅಂದ್ರೆ ಮೊದಲನೇದು ಆನೆ. ಆನೆಗೆ ಕೋವಿ ಉತ್ತರವೇ ಅಲ್ಲ. ಚಿಕ್ಕ ಗುಂಡು ಅದರ ಚರ್ಮದಲ್ಲಿ ಸಿಕ್ಕಿ ಕೀವಾಗುತ್ತೆ, ನೋವು ತಿಂದ ಆನೆ ಮುಂದಿನ ವಾರ ಸಿಕ್ಕಿದೋರ ಮೇಲೆ ತೀರಿಸ್ಕೊಳ್ಳುತ್ತೆ, ಆ ಸಿಕ್ಕಿದೋರು ಬೆಳಿಗ್ಗೆ ಆರು ಗಂಟೆಗೆ ಕೆಲಸಕ್ಕೆ ನಡ್ಕೊಂಡು ಬರೋ ಹೆಂಗಸರೇ ಆಗಿರ್ತಾರೆ. ಕಾನೂನಿನ ಕಡೆಯಿಂದ ನೋಡಿದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿ ಆನೆ, ಹುಲಿ, ಚಿರತೆ, ಕಾಟಿ (ಕಾಡುಕೋಣ) ಎಲ್ಲಾ ಇವೆ, ಮೂರರಿಂದ ಏಳು ವರ್ಷ ಜೈಲು. ಜೀವಕ್ಕೇ ಬಂದಾಗ, ಬೇರೆ ದಾರಿನೇ ಇಲ್ದೆ ಹೊಡೆದ್ರೆ ಅಪರಾಧ ಅಲ್ಲ ಅಂತ 11ನೇ ಸೆಕ್ಷನ್ನಲ್ಲಿ ಇದೆ ನಿಜ, ಆದ್ರೆ ಅದನ್ನ ಸಾಬೀತು ಮಾಡೋಕೆ ನೀವು ಎಷ್ಟು ವರ್ಷ ಕೋರ್ಟಿಗೆ ಅಲೆಯೋಕೆ ರೆಡಿ? ಆನೆಗೆ ಕೆಲಸ ಮಾಡೋದು ಬೇರೆ ವಿಷಯಗಳು: ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಕಳ್ಸೋ ಮೆಸೇಜು, ವಾಟ್ಸಾಪ್ ಗುಂಪು, ಅದಕ್ಕೆ ನಿಮ್ಮ ನಂಬರ್ ಸೇರ್ಸಿ, ನೆಟ್‌ವರ್ಕ್ ಇಲ್ಲ ಅಂದ್ರೆ ಹೊರಡೋ ಮುಂಚೆ ಪೇಟೇಲೇ ನೋಡ್ಕೊಂಡು ಹೋಗಿ. ಮನೆಯೊಳಗೆ ಅಕ್ಕಿ ಮೂಟೆ, ಉಪ್ಪು, ಹಣ್ಣಾದ ಹಲಸು ಇಡ್ಬೇಡಿ, ಗೋಡೆ ಒಡೆಯೋದೇ ಅದಕ್ಕೆ. ಕತ್ತಲಾದ ಮೇಲೆ, ಬೆಳಗಾಗೋ ಮುಂಚೆ ತೋಟದಲ್ಲಿ ವಾಕಿಂಗ್ ಬೇಡ. ಮನೆ ಸುತ್ತ ಐಬೆಕ್ಸ್ ಬೇಲಿ, ಅಂದ್ರೆ ಮುಟ್ಟಿದ್ರೆ ಶಾಕ್ ಕೊಡೋ ತಂತಿ ಬೇಲಿ ಹಾಕ್ಸಿ, ಕಾಟಿ, ಹಂದಿಗೂ ಆಯ್ತು, ಕೋವಿಗೆ ಹಾಕೋ ದುಡ್ಡು ಅದಕ್ಕೆ ಹಾಕಿದ್ರೆ ನಿದ್ದೆ ಚೆನ್ನಾಗಿ ಬರುತ್ತೆ. ಆದ್ರೆ ಎನರ್ಜೈಸರ್ (ತಂತಿಗೆ ಬಿಟ್ಟು ಬಿಟ್ಟು ಸಣ್ಣ ಶಾಕ್ ಕಳ್ಸೋ ಪೆಟ್ಟಿಗೆ) ಇರೋ ಬೇಲಿನೇ ಆಗ್ಬೇಕು, ಲೈನ್ ಕರೆಂಟನ್ನ ತಂತಿಗೆ ನೇರ ಕೊಡೋದು ಕೊಲೆ ಮಾಡಿದ ಹಾಗೇ, ಅದರಲ್ಲಿ ಆನೆಗಿಂತ ಮೊದಲು ಮನುಷ್ಯರೇ ಸಾಯೋದು. ಅರಣ್ಯ ಸಹಾಯವಾಣಿ 1926, ಪೊಲೀಸ್ 112, ಇವೆರಡನ್ನೂ ಗೋಡೆ ಮೇಲೆ ಬರೆದಿಡಿ.

ಎರಡನೇದು ಹಾವು. ತೋಟದಲ್ಲಿ ನಿಜವಾಗಿ ಹೆದರ್ಬೇಕಾದ್ದು ಇದಕ್ಕೇ, ಮತ್ತೆ ಇದಕ್ಕೆ ಯಾವ ಬೋರ್ ಕೋವಿನೂ ಪ್ರಯೋಜನ ಇಲ್ಲ. ಗಂಬೂಟು, ಒಳ್ಳೆ ಟಾರ್ಚು, ಮಲಗೋವಾಗ ಹಾಸಿಗೆ ಕೆಳಗೆ ಸಿಗಿಸಿದ ಸೊಳ್ಳೆಪರದೆ, ಯಾವ ಆಸ್ಪತ್ರೇಲಿ ಹಾವಿನ ವಿಷಕ್ಕೆ ಔಷಧಿ ಇಟ್ಟಿದ್ದಾರೆ ಅಂತ ಮೊದಲೇ ಹೋಗಿ ಕೇಳ್ಕೊಂಡು ಬರೋದು, ಇಷ್ಟೇ.

ಮೂರನೇದು ಕಳ್ಳರು. ಕಾಫಿ ಕೊಯ್ಲು, ಮೆಣಸು ಕೊಯ್ಲು ಟೈಮಲ್ಲಿ ಬರ್ತಾರೆ, ಹೌದು. ಆದ್ರೆ ಮೆಣಸಿನ ಮೂಟೆ ಹೊತ್ಕೊಂಡು ಓಡ್ತಾ ಇರೋನ ಬೆನ್ನಿಗೆ ಈಡು ಹೊಡೆದ್ರೆ ಅದು ಆತ್ಮರಕ್ಷಣೆ ಅಲ್ಲ ಸಾರ್, ನೀವೇ ಆರೋಪಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೇಲೂ ಹಳೇ ಐಪಿಸಿ ಥರಾನೇ ಇದೆ, ರಾತ್ರಿ ಮನೆ ಒಡೆದು ಒಳಗೆ ನುಗ್ಗೋನು, ದರೋಡೆ ಮಾಡೋನು, ಜೀವಕ್ಕೆ ಅಪಾಯ ತರೋನು, ಇಂಥ ಕಡೆ ಮಾತ್ರ ಆ ಮಟ್ಟದ ಹಕ್ಕು, ಅದೂ ಎಷ್ಟು ಬೇಕೋ ಅಷ್ಟೇ. ಬರೀ ಕಳ್ಳತನಕ್ಕೆ ಪ್ರಾಣ ತೆಗೆಯೋ ಹಕ್ಕು ಯಾರಿಗೂ ಇಲ್ಲ. ಎರಡು ನಾಯಿ ಸಾಕಿ. ನಾಯಿ ಸಾಕೋಕೂ ವಾರಪೂರ್ತಿ ಜನ ಬೇಕು ಅಂತೀರಾ? ಹೌದು, ಅದನ್ನೇ ನಾನು ಹೇಳ್ತಾ ಇರೋದು, ಮೊದಲು ಅಲ್ಲಿ ಒಂದು ಸಂಸಾರ ಇರೋ ಹಾಗೆ ಮಾಡಿ.

ಇಷ್ಟಾದ್ಮೇಲೂ, ಅಥವಾ ನಾಳೆ ನೀವು ಕೆಲಸ ಬಿಟ್ಟು ಅಲ್ಲೇ ಕಾಯಂ ಕೂತ್ರಿ ಅಂದ್ಕೊಳ್ಳಿ, ಆಗ ನನ್ನ ಉತ್ತರ ಒಂದೇ: 12 ಬೋರ್ ಕೋವಿ, ಒಂಟಿ ನಳಿಕೆ ಅಥವಾ ಜೋಡಿ ನಳಿಕೆ, ಮಡಚಿ ತೋಟಾ ಹಾಕೋ ಥರದ್ದು. ಯಾಕೆ ಅಂದ್ರೆ, ಮಡಚಿದ ತಕ್ಷಣ ಒಳಗೆ ತೋಟಾ ಇದೆಯಾ ಇಲ್ವಾ ಅಂತ ಕಣ್ಣಿಗೆ ಕಾಣುತ್ತೆ, ಮಕ್ಕಳಿರೋ ಮನೇಲಿ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ. ಕೆಡೋ ಭಾಗಗಳು ಕಮ್ಮಿ. ತೋಟಾ ಸಿಗೋದು ಸುಲಭ. ಗುಂಡು ಮೂವತ್ತು ನಲವತ್ತು ಮೀಟರ್ ದಾಟಿದ್ರೆ ಹರಡಿ ಬಲ ಕಳ್ಕೊಳ್ಳುತ್ತೆ, ಇದನ್ನ ಜನ ದೋಷ ಅಂತಾರೆ, ನಾನು ಇದೇ ಅದರ ಒಳ್ಳೇತನ ಅಂತೀನಿ. ಯಾಕಂದ್ರೆ ನಿಮ್ಮ ಫ್ರೆಂಡ್ ಹೇಳೋ ಪಾಯಿಂಟ್ 315 ರೈಫಲ್ ಗುಂಡು ಗುರಿ ತಪ್ಪಿದ್ರೆ ಕಿಲೋಮೀಟರ್ ಮೇಲೆ ಹೋಗುತ್ತೆ, ಕಾಫಿ ಗಿಡದ ಮಧ್ಯೆ ನಿಮಗೆ ಇಪ್ಪತ್ತು ಮೀಟರ್ ಆಚೆಗೆ ಏನೂ ಕಾಣಲ್ಲ, ಆಚೆ ಇರೋದು ಪಕ್ಕದ ತೋಟದ ಕೆಲಸದವರ ಲೈನ್ ಮನೆ. ಕಾಡುಹಂದಿ ಅಂತ ತಿಳ್ಕೊಂಡು ಜೊತೆಗಿದ್ದೋನಿಗೇ ಹೊಡೆದ ಸುದ್ದಿ ಮಲೆನಾಡಿನ ಪೇಪರಲ್ಲಿ ಓದಿರ್ತೀರಲ್ಲ. ರೈಫಲ್ ನಮ್ಮ ತೋಟಗಳಿಗೆ ಹೇಳಿದ ಸಾಮಾನಲ್ಲ.

ರಿವಾಲ್ವರ್ ಬಗ್ಗೆ: ಕಾನ್ಪುರದ್ದು ಪಾಯಿಂಟ್ 32 ಸಿಗುತ್ತೆ, ಲಕ್ಷಕ್ಕೆ ಮೇಲೆ. ಹಂದಿಗೂ ಆಗಲ್ಲ ಆನೆಗೂ ಆಗಲ್ಲ, ದಿನಾ ಪ್ರಾಕ್ಟೀಸ್ ಇಲ್ದೋನ ಕೈಲಿ ಐದು ಮೀಟರ್ ದೂರಕ್ಕೂ ಗುರಿ ಸಿಗಲ್ಲ, ಚಿಕ್ಕದಾಗಿರೋದ್ರಿಂದ ಮಕ್ಕಳ ಕೈಗೆ ಸಿಗೋದೂ ಸುಲಭ, ಕುಡಿದ ಹೊತ್ತಲ್ಲಿ ಜೇಬಿಂದ ಈಚೆ ಬರೋದೂ ಸುಲಭ. ಬೇಡ. ಪಂಪ್ ಆಕ್ಷನ್, ಅಂದ್ರೆ ನಳಿಕೆ ಕೆಳಗಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸೋ ಕೋವಿ, ನೋಡೋಕೆ ಸಿನಿಮಾ ಥರ ಚೆನ್ನಾಗಿರುತ್ತೆ, ಆದ್ರೆ ಒಳಗೆ ಇನ್ನೊಂದು ತೋಟಾ ಉಳ್ಕೊಂಡಿದೆಯಾ ಅಂತ ನೋಡಿದ ತಕ್ಷಣ ಗೊತ್ತಾಗಲ್ಲ, ಹೊಸಬರಿಗೆ ಅದೂ ಬೇಡ.

12 ಬೋರ್ ಅಂದ್ರೆ ಏನು ಅಂತ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಹೇಳ್ತೀನಿ. ಒಂದು ಪೌಂಡ್ ಸೀಸ ತಗೊಂಡು ಸಮನಾಗಿ 12 ಉಂಡೆ ಮಾಡಿದ್ರೆ ಒಂದು ಉಂಡೆ ಎಷ್ಟು ದಪ್ಪ ಇರುತ್ತೋ ಅಷ್ಟು ನಳಿಕೆಯ ಬಾಯಿ, ಹತ್ತಿರ ಹತ್ತಿರ ಹದಿನೆಂಟೂವರೆ ಮಿಲಿಮೀಟರ್. ಹಾಗಾಗಿ ನಂಬರ್ ಕಮ್ಮಿ ಆದಷ್ಟೂ ಬಾಯಿ ದೊಡ್ಡದು. ತೋಟಾದ ನಂಬರೂ ಹಾಗೇ, 6ನೇ ನಂಬರಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪ ಗುಂಡು ರಾಶಿ ಇರುತ್ತೆ, ಎಲ್‌ಜಿ, ಎಸ್‌ಜಿ ಅಂದ್ರೆ ಕೆಲವೇ ಕೆಲವು ದಪ್ಪ ಗುಂಡು.

ಲೈಸೆನ್ಸಿಗೆ ಬರೋಣ. 1959ರ ಆಯುಧ ಕಾಯ್ದೆ, 2016ರ ಆಯುಧ ನಿಯಮಗಳು. ವಯಸ್ಸು 21 ತುಂಬಿರ್ಬೇಕು. ಬೆಂಗಳೂರಲ್ಲಿ ಕಾಯಂ ವಾಸ ಅಂದ್ರೆ ಪೊಲೀಸ್ ಕಮಿಷನರ್ ಹತ್ರ, ತೋಟದ ಬೆಳೆ ರಕ್ಷಣೆಗೆ ಅಂತಾದ್ರೆ ಪಹಣಿ ಹಿಡ್ಕೊಂಡು ಆ ಜಿಲ್ಲೆಯ ಡಿಸಿ ಆಫೀಸಿಗೆ. ಸ್ವಂತ ರಕ್ಷಣೆಗೆ ಇಪ್ಪತ್ತು ಇಂಚಿಗೆ ಕಮ್ಮಿ ಇಲ್ಲದ ನಳಿಕೆಯ, ಒಳಗೆ ಗೀರಿಲ್ಲದ ನುಣುಪು ನಳಿಕೆ ಕೋವಿ, ಬೆಳೆ ರಕ್ಷಣೆಗೆ ಬಾಯಿಂದ ಮದ್ದು ಗುಂಡು ತುಂಬೋ ಕೇಪಿನ ಕೋವಿ, ಇದು ಕಾಯ್ದೆಯಲ್ಲೇ ಹೇಳಿರೋದು, ಕೇಪಿನ ಕೋವಿ ಸಾಲಲ್ಲ ಅಂತ ಅಧಿಕಾರಿಗೆ ಅನ್ನಿಸಿದ್ರೆ ತೋಟಾ ಕೋವಿ ಕೊಡಬಹುದು. ರೈಫಲ್, ರಿವಾಲ್ವರ್ ಕೇಳಿದ್ರೆ ಬೇಕಾದ ಕಾರಣ ಬೇರೆ ಲೆವೆಲ್ದು. ಪೊಲೀಸ್ ವರದಿ, ಡಾಕ್ಟರ್ ಸರ್ಟಿಫಿಕೇಟು, ಮನೇಲಿ ಎಲ್ಲಿ ಬೀಗ ಹಾಕಿ ಇಡ್ತೀರಿ ಅನ್ನೋದು, ತರಬೇತಿ, ಎಲ್ಲಾ ಬೇಕು. ತರಬೇತಿಗೆ ಜಿಲ್ಲಾ ಪೊಲೀಸಿನವರ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಯುತ್ತೆ, ಲೈಸೆನ್ಸ್ ಬೇಡ ಅಂದ್ರೂ ಒಂದ್ಸಲ ಹೋಗಿ ಬನ್ನಿ, ಭುಜಕ್ಕೆ ಒಂದು ಹೊಡೆತ ಬಿದ್ರೆ ಸಿನಿಮಾ ಆಸೆ ಅರ್ಧ ಇಳಿಯುತ್ತೆ. 2019ರ ತಿದ್ದುಪಡಿ ಆದ್ಮೇಲೆ ಒಬ್ಬರಿಗೆ ಎರಡೇ ಕೋವಿ, ಮೊದಲು ಮೂರಿತ್ತು, ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ಊರಲ್ಲಿ ಯಾರೋ "ಯಾಕ್ ಸಾರ್ ಅಷ್ಟೆಲ್ಲಾ, ನಾಡಕೋವಿ ಒಂದು ಕೊಡಿಸ್ತೀನಿ" ಅಂತ ಬರ್ತಾರೆ, ಗ್ಯಾರಂಟಿ ಬರ್ತಾರೆ. ಲೈಸೆನ್ಸಿಲ್ಲದ ಕೋವಿಗೆ ಈಗ ಕಮ್ಮಿ ಅಂದ್ರೆ ಎರಡು ವರ್ಷ, ಐದು ವರ್ಷದವರೆಗೂ ಜೈಲು. ಅದು ಬಿಡಿ, ನೀರಿನ ಪೈಪಿಂದ ಮಾಡಿದ ನಳಿಕೆ ಯಾವತ್ತು ಮುಖದ ಮುಂದೆ ಸಿಡಿಯುತ್ತೋ ಗೊತ್ತಿಲ್ಲ.

ಪ್ರಶ್ನೆ: ನಮ್ಮ ತಂದೆ ಕೊಪ್ಪದಲ್ಲಿ ತೀರ್ಕೊಂಡು ಮೂರು ತಿಂಗಳಾಯ್ತು. ಅವರ ಜೋಡಿ ನಳಿಕೆ ಕೋವಿ ಅಟ್ಟದ ಮೇಲಿದೆ. ಅಣ್ಣ ಬೆಂಗಳೂರಲ್ಲಿ, ನಾನೂ ಬೆಂಗಳೂರಲ್ಲಿ, ಅಮ್ಮ ಒಬ್ಬರೇ ಅಲ್ಲಿ. ಅಪ್ಪನ ನೆನಪು ಅಂತ ಇಟ್ಕೋಬಹುದಾ?
— ಮಲ್ಲೇಶ್ವರಂನ ಓದುಗರು

ಉತ್ತರ: ತಂಗೀ, ಈ ಅಂಕ ಕೈಗೆ ಸಿಕ್ಕಿದ ದಿನಾನೇ ಅಣ್ಣನಿಗೆ ಫೋನ್ ಮಾಡು. ಲೈಸೆನ್ಸ್ ಅಪ್ಪನ ಹೆಸರಲ್ಲಿತ್ತು, ಅವರು ಹೋದ ಮೇಲೆ ಆ ಕೋವಿ ಮನೇಲಿ ಇಡೋ ಹಕ್ಕು ಯಾರಿಗೂ ಇಲ್ಲ, ಪಾಪ ಅಮ್ಮ ಏನೂ ಗೊತ್ತಿಲ್ದೆ ಲೈಸೆನ್ಸಿಲ್ಲದ ಆಯುಧ ಇಟ್ಕೊಂಡ ಹಾಗಾಗುತ್ತೆ. ಠಾಣೆಗೆ ಒಂದು ಅರ್ಜಿ ಬರೆದು, ಮರಣ ಪ್ರಮಾಣಪತ್ರದ ಕಾಪಿ ಇಟ್ಟು, ಕೋವಿ ತೋಟಾ ಎರಡನ್ನೂ ಠಾಣೇಲಿ ಅಥವಾ ಲೈಸೆನ್ಸ್ ಇರೋ ಗನ್ ಅಂಗಡೀಲಿ ಠೇವಣಿ ಇಟ್ಟು ರಸೀದಿ ತಗೋಬೇಕು. ತಗೊಂಡು ಹೋಗೋ ಮುಂಚೆ ಠಾಣೆಗೆ ಫೋನ್ ಮಾಡಿ, ಅವರೇ ಬಂದು ತಗೊಂಡು ಹೋದ್ರೆ ಇನ್ನೂ ಒಳ್ಳೇದು, ಕೋವಿ ಮಡಚೋಕೆ ಬರದೋರು ಅದನ್ನ ಮುಟ್ಟೋದೇ ಬೇಡ, ಒಳಗೆ ತೋಟಾ ಇದ್ರೂ ಇರಬಹುದು.

ಆಮೇಲೆ ಅಣ್ಣನೋ ನೀನೋ ವಾರಸುದಾರರು ಅಂತ ಲೈಸೆನ್ಸಿಗೆ ಅರ್ಜಿ ಹಾಕಬಹುದು, ಉಳಿದ ವಾರಸುದಾರರು ನಮ್ಮ ತಕರಾರಿಲ್ಲ ಅಂತ ಬರೆದುಕೊಡ್ಬೇಕು. ಹೆಣ್ಮಕ್ಕಳು ಹಾಕೋ ಹಾಗಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಇದನ್ನ ಓದ್ತಾ ಇರೋ ಬೇರೆಯವರಿಗೂ ಒಂದು ಮಾತು, ಅಪ್ಪನಿಗೆ 70 ಆಗಿದ್ರೆ ಅಥವಾ ಕೋವಿ ಅವರ ಹತ್ರ 25 ವರ್ಷ ಇದ್ರೆ ಅವರು ಬದುಕಿದ್ದಾಗಲೇ ಮಕ್ಕಳ ಹೆಸರಿಗೆ ಮಾಡಿಸೋಕೆ ನಿಯಮದಲ್ಲೇ ದಾರಿ ಇದೆ, ಕೂತು ಮಾಡಿಸ್ಕೊಳ್ಳಿ.

ಠೇವಣಿ ಇಟ್ಟ ಕೋವಿನ ಮಧ್ಯೆ ಮಧ್ಯೆ ಹೋಗಿ ನೋಡ್ತಿರಿ. ನಮ್ಮಜ್ಜನ ಕೋವಿ ಎರಡು ಮಳೆಗಾಲ ಒಂದು ಕಡೆ ಠೇವಣಿ ಇದ್ದು ವಾಪಸ್ ಬಂದಾಗ ನಳಿಕೆ ಒಳಗೆಲ್ಲಾ ತುಕ್ಕಿನ ಚುಕ್ಕೆ, ಎಣ್ಣೆ ಹಾಕಿ ಉಜ್ಜಿ ಉಜ್ಜಿ ಅಜ್ಜನ ಕೈ ಸೋತಿತ್ತು, ಅವರಿಗೆ ಅದು ಸಾಯೋವರೆಗೂ ಸಿಟ್ಟು.

ಪ್ರಶ್ನೆ: ಕನಕಪುರ ರಸ್ತೆಯ ಒಳಗೆ ನಮ್ಮ ಫಾರಂ ಹೌಸ್. ಕೋತಿ, ನವಿಲು ಕಾಟ. ಏರ್‌ಗನ್ನಿಗೆ ಲೈಸೆನ್ಸ್ ಬೇಡ ಅಂತಾರಲ್ಲ, ತಗೊಳ್ಳಲಾ?
— ಬನಶಂಕರಿ 3ನೇ ಹಂತದ ಓದುಗರು

ಉತ್ತರ: ಪಾಯಿಂಟ್ 177 ಬೋರಿನ, 20 ಜೂಲ್ ಒಳಗಿನ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ಸರಿ. ಹಾಗಂತ ಅದರಲ್ಲಿ ನವಿಲಿಗೆ ಹೊಡೀಬಹುದು ಅಂತ ಅಲ್ಲ. ರಾಷ್ಟ್ರಪಕ್ಷಿ, ಮೊದಲನೇ ಶೆಡ್ಯೂಲು, ಯಾವುದರಲ್ಲಿ ಹೊಡೆದ್ರೂ ಒಂದೇ ಕೇಸು. ಕೋತಿಗೂ ಬೇಡ, ಕಣ್ಣಿಗೆ ಬಿದ್ದು ಕುರುಡಾದ ಕೋತಿನ ನಾನು ನೋಡಿದ್ದೀನಿ, ಬೆಳಿಗ್ಗೆ ತಿಂಡಿ ಸೇರಿರಲಿಲ್ಲ. ತಗಡಿನ ಡಬ್ಬಕ್ಕೆ ಗುರಿ ಇಟ್ಟು ಆಡೋಕೆ ಬೇಕಾದ್ರೆ ತಗೊಳ್ಳಿ, ಹಿಂದೆ ಮಣ್ಣಿನ ದಿಬ್ಬ ಇರ್ಲಿ.

ಇನ್ನೊಂದು, ಕೋತಿ ಹೆದರಿಸೋಕೆ ಅಂತ ಪಿವಿಸಿ ಪೈಪಲ್ಲಿ ಕಾರ್ಬೈಡ್ ಹಾಕಿ ನೀರು ಬಿಟ್ಟು ಢಂ ಅನ್ನಿಸ್ತಾರಲ್ಲ, ಅದನ್ನ ಮನೆಗೆ ತರ್ಲೇಬೇಡಿ. ಹೊತ್ತಿಕೊಳ್ಳಲಿಲ್ಲ ಅಂತ ಪೈಪಿಗೆ ಕಣ್ಣಿಟ್ಟು ಬಗ್ಗಿ ನೋಡ್ತಾರೆ, ಅವಾಗಲೇ ಹೊತ್ತಿಕೊಳ್ಳೋದು.

ಪ್ರಶ್ನೆ: ಮಡಿಕೇರಿ ಕಡೆ ನನ್ನ ಸ್ನೇಹಿತನ ಮನೇಲಿ ಕೋವಿ ಇದೆ, ಲೈಸೆನ್ಸೇ ಇಲ್ವಂತೆ, ಕಾನೂನುಬದ್ಧ ಅಂತಾನೆ. ನಾನೂ ಕೊಡಗಲ್ಲೇ ಜಾಗ ತಗೊಂಡ್ರೆ ನನಗೂ ಲೈಸೆನ್ಸ್ ಬೇಡ್ವಾ?
— ರಾಜಾಜಿನಗರದ ಓದುಗರು

ಉತ್ತರ: ಅವರಿಗೆ ಬೇಡ, ನಿಮಗೆ ಬೇಕು. ಕೊಡವರಿಗೆ ಮತ್ತೆ ಅಲ್ಲಿನ ಜಮ್ಮಾ (ವಂಶದಿಂದ ಬರೋ ಹಳೇ ಭೂಹಿಡುವಳಿ) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ, 1861ರಲ್ಲಿ ಮಾರ್ಕ್ ಕಬ್ಬನ್ ಇದ್ದಾಗಿಂದ ವಿನಾಯಿತಿ ಇದೆ, ಹೌದು, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್ನೇ. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರ 1963ರಲ್ಲಿ ಮುಂದುವರಿಸ್ತು, ಈಗ 2029ರವರೆಗೆ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡೀತು. ಅದು ಜಾಗಕ್ಕೆ ಅಂಟಿಕೊಂಡ ಹಕ್ಕಲ್ಲ, ಸೈಟ್ ಜೊತೆ ರಿಜಿಸ್ಟರ್ ಆಗಿ ಬರಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡೋ ಮನೆಗಳವು, ಕೋವಿ ಹೇಗಿಡ್ಬೇಕು ಅಂತ ಮಕ್ಕಳಿಗೆ ಹುಟ್ಟಿನಿಂದ ಕಲಿಸಿರ್ತಾರೆ. ನಾವು ಆನ್‌ಲೈನ್‌ನಲ್ಲಿ ವಿಡಿಯೋ ನೋಡಿ ಕಲಿತೋರು. ಹಬ್ಬಕ್ಕೆ ಕರೆದ್ರೆ ಹೋಗಿ ಊಟ ಮಾಡ್ಕೊಂಡು ಬನ್ನಿ.

ಪ್ರಶ್ನೆ: ಎಲೆಕ್ಷನ್ ಬಂದ್ರೆ ಸಾಕು ನಮ್ಮ ಕೋವಿ ಠಾಣೇಲಿ ಇಡ್ಬೇಕು, ಹಂದಿಗೇನು ನೀತಿಸಂಹಿತೆ ಇದೆಯಾ?
— ವಿಜಯನಗರದ ಓದುಗರು (ತೋಟ ಮೂಡಿಗೆರೆ)

ಉತ್ತರ: ಹಂದಿಗಿಲ್ಲ! ಊರಲ್ಲಿ ಎಲ್ಲರ ಗೋಳೂ ಇದೇ. ಪಂಚಾಯ್ತಿಯಿಂದ ಪಾರ್ಲಿಮೆಂಟ್‌ವರೆಗೆ ಯಾವ ಎಲೆಕ್ಷನ್ ಬಂದ್ರೂ ಬೆಳೆ ಇರೋ ಹೊತ್ತಿಗೇ ಬರುತ್ತೆ. ಆದ್ರೆ ಪ್ರತಿಯೊಬ್ಬರದ್ದೂ ಕಣ್ಮುಚ್ಚಿ ಇಡಿಸ್ಕೊಳ್ಳೋದಲ್ಲ, ಸ್ಕ್ರೀನಿಂಗ್ ಕಮಿಟಿ ಅಂತ ಇರುತ್ತೆ, ನಿಜವಾಗಿ ಬೇಕು ಅಂತ ಕಾರಣ ತೋರಿಸಿ ವಿನಾಯಿತಿ ಕೇಳಬಹುದು. ನೀತಿಸಂಹಿತೆ ಬಂದ ಮರುದಿನಾನೇ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳಿ. ಆಗಲಿಲ್ಲ ಅಂದ್ರೆ ಇಟ್ಟು ಬನ್ನಿ, ಇಡದೇ ಬಚ್ಚಿಟ್ಕೊಂಡ್ರೆ ಲೈಸೆನ್ಸೇ ಹೋಗುತ್ತೆ.

ಪ್ರಶ್ನೆ: ನನ್ನ ಮಗ ಕೆನಡಾದ ವ್ಯಾಂಕೂವರಲ್ಲಿ ಇದ್ದಾನೆ, ಪಿಆರ್ ಆಗಿದೆ. ಈಗ ಬ್ರಿಟಿಷ್ ಕೊಲಂಬಿಯಾದ ಉತ್ತರಕ್ಕೆ ಕಾಡಲ್ಲಿ ಮರದ ಮನೆ ತಗೊಂಡು ಅಲ್ಲಿಂದಲೇ ಕೆಲಸ ಮಾಡ್ತೀನಿ, ಕರಡಿ ಇದೆ ಅದಕ್ಕೆ ಗನ್ ತಗೋತೀನಿ ಅಂತಾನೆ. ನನಗೆ ರಾತ್ರಿ ನಿದ್ದೆ ಇಲ್ಲ.
— ಜಯನಗರ 4ನೇ ಬ್ಲಾಕಿನ ಒಬ್ಬ ತಾಯಿ

ಉತ್ತರ: ಅಮ್ಮಾ, ನೀವು ಅಂದ್ಕೊಂಡಷ್ಟು ಸುಲಭಕ್ಕೆ ಅಲ್ಲಿ ಗನ್ ಸಿಗಲ್ಲ, ಅದು ಅಮೆರಿಕ ಅಲ್ಲ. ಮೊದಲು ಸುರಕ್ಷತಾ ಕೋರ್ಸ್ ಮಾಡಿ ಪರೀಕ್ಷೆ ಪಾಸ್ ಆಗ್ಬೇಕು, ಆಮೇಲೆ ಪಿಎಎಲ್ ಅಂತ ಒಂದು ಲೈಸೆನ್ಸಿಗೆ ಅರ್ಜಿ, ಮೊದಲ ಸಲ ಹಾಕೋರು ಕಮ್ಮಿ ಅಂದ್ರೂ 28 ದಿನ ಕಾಯ್ಬೇಕು. ಕೈಗನ್ನು ಕೊಳ್ಳೋದನ್ನ ಅಲ್ಲಿ 2022ರ ಅಕ್ಟೋಬರ್ 21ರಿಂದ ನಿಲ್ಲಿಸಿಬಿಟ್ಟಿದ್ದಾರೆ, ಹಾಗಾಗಿ ಮಗ ಹೇಳ್ತಾ ಇರೋದು ಉದ್ದ ಕೋವಿನೇ ಇರ್ಬೇಕು.

ಅಲ್ಲಿನ ಲೆಕ್ಕ ಬೇರೆ ಅಮ್ಮ. ಸಹಾಯಕ್ಕೆ ಅಂತ ಕರೆದ್ರೆ ಬರೋಕೆ ಗಂಟೆಗಟ್ಟಲೆ ಆಗುತ್ತೆ, ಗ್ರಿಝ್ಲಿ ಕರಡಿ ಅಂದ್ರೆ ಹಂಪಿ ಹತ್ರದ ನಮ್ಮ ದರೋಜಿ ಕರಡಿಗಿಂತ ಬಹಳ ದೊಡ್ಡದು. ಅಂಥ ಕಡೆ ಇರೋರು ಇಟ್ಕೊಳ್ಳೋದು 12 ಗೇಜ್ (ನಮ್ಮ 12 ಬೋರೇ) ಪಂಪ್ ಕೋವಿ, ಚಿಕ್ಕ ಗುಂಡಲ್ಲ, ಸ್ಲಗ್ ಅನ್ನೋ ಒಂದೇ ದಪ್ಪ ಗುಂಡಿನ ತೋಟಾ, ಇಲ್ಲಾ ದಪ್ಪ ಬೋರಿನ ರೈಫಲ್. ಮೇಲೆ ನಾನು ಪಂಪ್ ಬೇಡ ಅಂದಿದ್ದು ನಮ್ಮ ತೋಟಕ್ಕೆ, ಕರಡಿ ಓಡಿ ಬರೋವಾಗ ಎರಡು ತೋಟಾ ಸಾಲಲ್ಲ. ಆದ್ರೆ ಇದಕ್ಕೂ ಮೊದಲು ಅವನು ತಗೋಬೇಕಾದ್ದು ಬೇರ್ ಸ್ಪ್ರೇ, ಮೆಣಸಿನಕಾಯಿ ಖಾರದ್ದೇ ದೊಡ್ಡ ಡಬ್ಬ. ಅಲಾಸ್ಕಾದಲ್ಲಿ ನಡೆದ ಘಟನೆಗಳನ್ನ ಒಟ್ಟು ಮಾಡಿ 2008ರಲ್ಲಿ ಬಂದ ಅಧ್ಯಯನದಲ್ಲಿ ಕಂದು ಕರಡಿ ಮೇಲೆ ಹೊಡೆದಾಗ 92 ಶೇಕಡಾ ಸಲ ಅದು ಮಾಡ್ತಿದ್ದ ತಂಟೆ ನಿಲ್ಲಿಸಿತ್ತು. ಹೆದರಿ ಕೈ ನಡುಗ್ತಾ ಇರೋನಿಗೆ ಗುಂಡು ಗುರಿ ಇಡೋಕಿಂತ ಮೋಡದ ಥರ ಹರಡೋ ಖಾರ ಸುಲಭ, ಅಷ್ಟೇ ಕಾರಣ. ಅದನ್ನ ಬ್ಯಾಗೊಳಗೆ ಇಡದೇ ಸೊಂಟಕ್ಕೆ ಕಟ್ಕೊಳ್ಳೋಕೆ ಹೇಳಿ. ಸೊಳ್ಳೆ ಔಷಧಿ ಥರ ಮನೆ ಸುತ್ತ ಮೊದಲೇ ಸಿಂಪಡಿಸೋದಲ್ಲ ಅಂತಾನೂ ಹೇಳಿ. ಕಸದ ಡಬ್ಬ, ಅಡಿಗೆ ವಾಸನೆ, ಹಕ್ಕಿಗೆ ಹಾಕೋ ಕಾಳು, ಇವೇ ಕರಡಿನ ಕರೆಯೋದು. ನೀವು ಕಳ್ಸಿದ ಮಾವಿನಕಾಯಿ ತೊಕ್ಕಿನ ಡಬ್ಬಿ ಜಗಲಿ ಮೇಲೆ ಬಿಡ್ಬಾರ್ದು. ನಿದ್ದೆ ಮಾಡಿ ಅಮ್ಮ, ಅಲ್ಲಿನ ಕೋರ್ಸಲ್ಲಿ ನಾನು ನೀವು ಹೇಳೋದಕ್ಕಿಂತ ಚೆನ್ನಾಗಿ ಬೈದು ಕಲಿಸ್ತಾರೆ.

ಪ್ರಶ್ನೆ: ಲೈಸೆನ್ಸ್ ಸಿಕ್ಕಿದೆ, ತೋಟದಲ್ಲೇ ಇರ್ತೀವಿ, ಒಂಟಿ ನಳಿಕೆ ತಗೊಳ್ಳೋಣ ಅಂತ ಎಲ್ಲಾ ರೆಡಿ. ಹೆಂಡತಿ ಮಾತ್ರ ಕೋವಿ ಮನೆಗೆ ಬಂದ್ರೆ ನಾನು ಮಗಳನ್ನ ಕರ್ಕೊಂಡು ಬೆಂಗಳೂರಿಗೆ ಹೋಗ್ತೀನಿ ಅಂತಾಳೆ. ಹೇಗೆ ಒಪ್ಪಿಸೋದು?
— ಮಹಾಲಕ್ಷ್ಮಿ ಲೇಔಟ್ ಬಿಟ್ಟು ಶೃಂಗೇರಿ ಕಡೆ ಸೇರಿದ ಓದುಗರು

ಉತ್ತರ: ಮಗಳ ವಯಸ್ಸು ನೀವು ಬರೆದಿಲ್ಲ, ನಿಮ್ಮ ಮನೆಯವರು ಯೋಚನೆ ಮಾಡ್ತಾ ಇರೋದು ಅದನ್ನೇ ಅಂತ ನನಗನ್ಸುತ್ತೆ.

ನಂದೊಂದು ಕಥೆ ಹೇಳ್ತೀನಿ. ನಮ್ಮಜ್ಜ ಕೋವಿನ ನಡುಮನೆ ಬೀರುವಲ್ಲಿ ಇಡ್ತಿದ್ರು, ಬೀಗದ ಕೈ ಗೋಡೆ ಗಡಿಯಾರದ ಹಿಂದೆ, ತೋಟಾ ಅಟ್ಟದ ಮೇಲೆ ಒಂದು ಹಾರ್ಲಿಕ್ಸ್ ಬಾಟ್ಲೀಲಿ. ಯಾರಿಗೂ ಗೊತ್ತಿಲ್ಲ ಅಂತ ಅವರು ಸಾಯೋವರೆಗೂ ನಂಬಿದ್ರು. ನನಗೆ ಒಂಬತ್ತು ವರ್ಷ ಇದ್ದಾಗಲೇ ಗೊತ್ತಿತ್ತು, ನನ್ನ ತಮ್ಮನಿಗೂ ಗೊತ್ತಿತ್ತು, ಒಂದು ಮಧ್ಯಾಹ್ನ ಎಲ್ಲರೂ ಅಡಿಕೆ ಅಂಗಳದಲ್ಲಿದ್ದಾಗ ನಾವಿಬ್ಬರೂ ಬೀರು ತೆಗೆದು, ಕೋವಿ ಮಡಚಿ, ಎರಡು ತೋಟಾ ಹಾಕಿ, ಮುಚ್ಚಿ, ಮತ್ತೆ ಬಿಚ್ಚಿ, ತೋಟಾ ತೆಗೆದು, ಇದ್ದ ಹಾಗೇ ಇಟ್ವಿ. ಆವತ್ತು ಏನೂ ಆಗ್ಲಿಲ್ಲ. ಇಷ್ಟು ವರ್ಷ ಆದ್ರೂ ಅದನ್ನ ನೆನೆಸ್ಕೊಂಡ್ರೆ ಈಗಲೂ ಅಂಗೈ ಬೆವರುತ್ತೆ.

ಅದಕ್ಕೆ ಒಪ್ಪಿಸೋ ಮಾತು ಬಿಡಿ. ಗೋಡೆಗೆ ಬೋಲ್ಟ್ ಹಾಕಿ ಕೂರಿಸೋ ಕಬ್ಬಿಣದ ಪೆಟ್ಟಿಗೆ ಒಂದು ಕೋವಿಗೆ, ಬೇರೆ ಕೋಣೇಲಿ ಇನ್ನೊಂದು ಚಿಕ್ಕದು ತೋಟಾಕ್ಕೆ. ಕೋವಿ ಪೆಟ್ಟಿಗೆ ಕೀ ನಿಮ್ಮ ಹತ್ರ, ಸೊಂಟದಲ್ಲೇ, ತೋಟಾ ಪೆಟ್ಟಿಗೆ ಕೀ ಅವರ ಹತ್ರ. ಇಬ್ಬರೂ ಎದ್ದು ಒಪ್ಪಿದ್ರೆ ಮಾತ್ರ ಕೋವಿಗೆ ತೋಟಾ ಬೀಳ್ಬೇಕು. ಹೀಗಿದ್ರೆ ರಾತ್ರಿ ಅರ್ಜೆಂಟಿಗೆ ತಡ ಆಗುತ್ತೆ ಅಂತ ನೀವು ವಾದ ಮಾಡ್ತೀರಿ, ಆಗ್ಲಿ, ಹಂದಿ ಅಲ್ವಾ, ನಾಳೆನೂ ಬರುತ್ತೆ. ಮಳೆಗಾಲದಲ್ಲಿ ಕೋವಿನ ಬಟ್ಟೆ ಚೀಲದೊಳಗೆ ಬಿಡ್ಬೇಡಿ, ತೇವ ಹಿಡಿಯುತ್ತೆ, ವಾರಕ್ಕೊಮ್ಮೆ ಗನ್ ಆಯಿಲ್ ಹಾಕಿ ಒರೆಸಿ. ಹಳೇ ತೋಟಾ ಹೊಡೆದಾಗ ಸಿಡೀಲಿಲ್ಲ ಅಂದ್ರೆ ತಕ್ಷಣ ಮಡಚಬೇಡಿ, ನಳಿಕೆನ ಜನ ಇಲ್ಲದ ಕಡೆ ಹಿಡ್ಕೊಂಡು ಅರ್ಧ ನಿಮಿಷ ನಿಲ್ಲಿ, ಒಂದೊಂದ್ಸಲ ತಡವಾಗಿ ಸಿಡಿಯುತ್ತೆ.

ಇಷ್ಟೆಲ್ಲಾ ಓದಿ ಹೇಳಿದ ಮೇಲೂ ಅವರು ಬೇಡ ಅಂದ್ರೆ ಬೇಡ. ಆ ದುಡ್ಡಿಗೆ ಬೇಲಿ ಉದ್ದ ಮಾಡ್ಸಿ, ಎಷ್ಟು ಮೀಟರ್ ಆಯ್ತು ಅಂತ ನನಗೆ ಬರೀರಿ.